ಅಳಿವೆಯ ಕಡೆ ಗಾಳಿ ಚೆನ್ನ

ಡಿಸೆಂಬರ್ 4, ಬುಧವಾರ

ಬೈಯಲು ಎದುರಿಗೆ ಯಾರೂ ಸಿಗದ ದಿನ ಮಾತ್ರ ನಾನು ಈ ಪುಸ್ತಕ ತೆಗೆಯುವುದು. ಇವತ್ತು ಬೈಸಿಕೊಳ್ಳಬೇಕಾದವಳು ಹಡಗಿನ ಮೇಲೆ ಕಾಲು ಚಾಚಿಕೊಂಡು ಇನ್ಯಾವುದೋ ದ್ವೀಪದ ಕಡೆ ಹೋಗುತ್ತಿದ್ದಾಳೆ. ಅವಳ ಹೆಸರೂ ನನಗೆ ಗೊತ್ತಿಲ್ಲ. ಗುಲಾಬಿ ಟೋಪಿಯವಳು ಅಂತ ಇಟ್ಟುಕೊಳ್ಳೋಣ.

ಹೋದ ಬುಧವಾರ ಬಂದಿದ್ದಳು. ನನ್ನ ಸುಟ್ಟ ಮೀನು ತಿಂದಳು, ಮುಳ್ಳು ಬಿಟ್ಟು ಏನೂ ಉಳಿಸಲಿಲ್ಲ, ಬೆರಳು ಕೂಡ ಚೀಪಿದಳು. ಹಡಗು ಹತ್ತಿದ ಮೇಲೆ ಫೋನಿನಲ್ಲಿ ಡಂಗುರ ಸಾರಿದ್ದಾಳೆ. ಬೊನಾರ್ ಕೊಲ್ಲಿಗೆ ಹೋಗಬೇಡಿ, ಒಂದು ಮೀನಿಗೆ ಇಪ್ಪತ್ತು ಅಮೆರಿಕನ್ ಡಾಲರ್ ಕೀಳುತ್ತಾರೆ, ಕುರ್ಚಿಯ ಪಟ್ಟಿ ಹರಿದಿದೆ, ನೆರಳಿಲ್ಲ, ಪಕ್ಕದಲ್ಲಿ ನಿಂತಿದ್ದ ಊರಿನವನು ಅದೇ ಮೀನನ್ನು ಇಲ್ಲಿನ ಇಪ್ಪತ್ತು ಡಾಲರಿಗೆ ತೆಗೆದುಕೊಂಡ, ಅದು ತಾನು ಕೊಟ್ಟದ್ದರ ಅರ್ಧವೂ ಅಲ್ಲ ಅಂತ. ಇಷ್ಟನ್ನೂ ವರ್ಲಿನ್ ನನಗೆ ಓದಿ ಹೇಳಿದಳು. ನನ್ನ ಗುಡಿಸಲಿನ ಪಕ್ಕದಲ್ಲೇ ಒರಗುಕುರ್ಚಿ, ಕೊಡೆ ಬಾಡಿಗೆಗೆ ಕೊಡುವವಳು ಅವಳು. ಮೀನಿನ ಸಾಲು ಜೋರಾಗಿ ಓದಿದಳು, ಹರಿದ ಕುರ್ಚಿಯ ಸಾಲು ಬಂದಾಗ ಕೆಮ್ಮಿದಳು.

ನಮ್ಮಲ್ಲಿ ಬೆಲೆ ಒಂದೇ. ಇಪ್ಪತ್ತು. ಊರಿನವರು ನಮ್ಮ ನೋಟು ಕೊಡುತ್ತಾರೆ, ಹಡಗಿನವರು ಅವರ ನೋಟು ಕೊಡುತ್ತಾರೆ. ಅಮ್ಮನ ಕಾಲದಿಂದ ಹೀಗೇ ನಡೆದಿದೆ. ಯಾರಿಗೂ ಸುಳ್ಳು ಹೇಳಿದವರಲ್ಲ ನಾವು. ಪಾದ ನೋಡಿದರೆ ಸಾಕು, ಯಾರ ನೋಟು ಯಾವುದು ಅಂತ ತಿಳಿಯುತ್ತದೆ. ಎಣ್ಣೆ ಹಡಗಿನಲ್ಲಿ ಬರಬೇಕು, ಈರುಳ್ಳಿ ಹಡಗಿನಲ್ಲಿ ಬರಬೇಕು, ಗ್ಯಾಸು ಹಡಗಿನಲ್ಲಿ ಬರಬೇಕು. ಇವಳಿಗೆ ಮಾತ್ರ ಊಟ ಅಗ್ಗಕ್ಕೆ ಬರಬೇಕು.

ಮಧ್ಯಾಹ್ನ ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಹಡಗು ಕಂಪನಿಯ ರಾಡಿಕ್ಸ್ ಬಂದಿದ್ದ. ನಮ್ಮ ದ್ವೀಪದವನೇ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಮರಳು ತುಂಬೀತೆಂದು ಬೂಟು ಕೈಯಲ್ಲಿ ಹಿಡಿದು ನಡೆಯುತ್ತಾನೆ. ಅತ್ತೆಯನ್ನು ಕರೆಯುವ ಹಾಗೆ ನನ್ನನ್ನು ಟಾಂಟಿ ಅನ್ನುತ್ತಾನೆ. "ಟಾಂಟಿ, ನಾನು ನಿಮ್ ಕಡೆಯೋನೇ. ಆದ್ರೆ ಕಂಪನಿಯೋರು ಫೆಬ್ರವರಿ ಕೊನೇವರ್ಗೂ ನೋಡ್ತಾರಂತೆ. ಸರಿಹೋಗ್ಲಿಲ್ಲ ಅಂದ್ರೆ ಹಡಗಿನೋರ ಬಸ್ಸುಗಳು ದಕ್ಷಿಣದ ಬೇಲಿ ಹಾಕಿದ ಬೀಚಿಗೆ ಹೋಗ್ತವೆ. ಅಲ್ಲಿ ಮೆತ್ತೆ ಕುರ್ಚಿ, ತಣ್ಣನೆ ಟವೆಲ್ಲು."

"ತಣ್ಣನೆ ಟವೆಲ್ ತಿಂತಾರೇನೋ ಅವರು?" ಅಂದೆ. ಅವನು ನಗಲಿಲ್ಲ. ನನಗೂ ಒಳಗೆ ನಗು ಬಂದಿರಲಿಲ್ಲ. ಬುಧವಾರದ ಬಸ್ಸುಗಳು ಬರದಿದ್ದರೆ ನನ್ನ ಒಲೆ ಉರಿಯುವುದಿಲ್ಲ. ಜುಲೈ ಬಿರುಗಾಳಿ ಹೊತ್ತುಕೊಂಡು ಹೋದ ತಗಡನ್ನು ಮತ್ತೆ ಹೊದಿಸಿ ಇನ್ನೂ ಹೊಸ ವಾಸನೆ ಹೋಗಿಲ್ಲ. ಈ ವಯಸ್ಸಿನಲ್ಲಿ ಯಾವ ಹೋಟೆಲಿನವರು ನನ್ನನ್ನು ಅಡುಗೆಗೆ ಕರೆಯುತ್ತಾರೆ?

ಸಂಜೆ ಕಾಡುಬಾದಾಮಿ ಮರದ ಕೆಳಗೆ ಎಲ್ಲ ಗುಡಿಸಲಿನವರೂ ಸೇರಿದರು. ಕಂಪನಿಯ ಜೊತೆ ಮಾತಾಡಲು ಒಬ್ಬರು ಬೇಕು ಅಂದರು. ಬಲೆ ಹೊಲಿಯುತ್ತ ಕೂತಿದ್ದ ನಮ್ಮಣ್ಣ ಕಾಸ್ಮಸ್ ತಲೆಯೆತ್ತದೆ ಹೇಳಿದ, "ಫಿಲ್ಲೀನೇ ಆಗ್ಲಿ ಬಿಡ್ರಪ್ಪ. ಆ ರಾಡಿಕ್ಸು ಒಂದು ಮಾತಾಡೋದ್ರೊಳಗೆ ಇವಳು ಹತ್ತು ಆಡ್ತಾಳೆ." ಎಲ್ಲರೂ ನಕ್ಕು ಕೈ ಎತ್ತಿದರು. ನನ್ನ ಕೈ ಎಣಿಸುವ ಮೊದಲೇ ನಾನು ಆಯ್ಕೆಯಾಗಿದ್ದೆ.

ಡಿಸೆಂಬರ್ 8, ಭಾನುವಾರ

ಬೋರ್ಡು ಆಯಿತು. ಒಂದು ಬೆಲೆ, ಎರಡು ನೋಟಿನಲ್ಲೂ ಬರೆಯಬೇಕು ಅಂತ ರಾಡಿಕ್ಸನ ಹಟ. ಮೀನೂಟ ನಮ್ಮ ನಲವತ್ತು, ಅವರ ಹದಿನೈದು. ಹಡಗಿನವರಿಗೆ ಇಳಿಯಿತು, ಊರಿನವರಿಗೆ ಏರಿತು. ಹಾಗಾಗಿ ಬೋರ್ಡು ಬುಧವಾರ ಮಾತ್ರ, ಮಿಕ್ಕ ದಿನ ಗೋಡೆಗೆ ಮುಖ ಮಾಡಿಸಿ ತೂಗುಹಾಕುವುದು ಅಂತ ನಾನೇ ತೀರ್ಮಾನ ಕೊಟ್ಟೆ. ಎಲ್ಲರೂ ಒಪ್ಪಿದರು. ಕಾಸ್ಮಸ್ ಮಾತ್ರ ಬೋರ್ಡಿನ ಎದುರು ತುಂಬ ಹೊತ್ತು ನಿಂತ. "ಏನಣ್ಣ ಓದ್ತಿದೀಯ?" ಅಂದೆ. "ನಮ್ಮೂರಲ್ಲಿ ಮೀನಿನ ಬೆಲೆ ಬರೆದಿದ್ದು ಇದೇ ಮೊದಲು ನೋಡು," ಅಂದ. ಅಕ್ಷರ ಚೆನ್ನಾಗಿ ಬಂದಿದೆ. ಹಳದಿ ಬಣ್ಣ ನನ್ನದೇ ಆಯ್ಕೆ.

ಡಿಸೆಂಬರ್ 11, ಬುಧವಾರ

ಬಸ್ಸುಗಳು ಬಂದವು. ಬೋರ್ಡು ನೋಡಿ ಫೋಟೋ ತೆಗೆದರು, ಚೌಕಾಸಿ ಮಾಡದೆ ತಿಂದರು. ಮೀನು ಎರಡು ಗಂಟೆಗೇ ಮುಗಿಯಿತು. ಬುಧವಾರ ಅಂದರೆ ಮಾತಾಡಿ ಮಾತಾಡಿ ನೋಯುವ ಗಂಟಲು ಇವತ್ತು ನೋಯಲಿಲ್ಲ.

ಊಟದ ಹೊತ್ತಿಗೆ ವರ್ಲಿನ್ ಬಂದು ಯಾವಾಗಿನ ಹಾಗೆ ಇಪ್ಪತ್ತರ ನೋಟು ಚಾಚಿದಳು. ಹಿಂದೆ ಹಡಗಿನ ಗಂಡಹೆಂಡಿರು ನಿಂತಿದ್ದರು, ಇಬ್ಬರ ಕಣ್ಣೂ ಅವಳ ಕೈಮೇಲೆ. "ನಲವತ್ತು ಕಣೇ," ಅಂತ ಮೆಲ್ಲಗೆ ಅಂದೆ.

"ನಂಗಾ?"

"ಬುಧವಾರ ಅಲ್ವೇನೇ. ಹಿಂದೆ ನೋಡು."

ಹಿಂದೆ ನೋಡಿದಳು. ಇನ್ನೊಂದು ನೋಟು ತೆಗೆದಳು. ಆಮೇಲೆ ನಾನು ಕಾಲು ನೋವೆಂದು ಅವಳ ಕುರ್ಚಿಯಲ್ಲಿ ಒಂದು ಗಳಿಗೆ ಕೂತೆ ನೋಡಿ, ಬಂದು ಕೈ ಚಾಚಿ ನಿಂತಳು. "ಒರಗುಕುರ್ಚಿ ಹದಿನೈದು. ಬುಧವಾರ ಅಲ್ವೇನೇ." ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ದುಡ್ಡು ಕೊಡಲಿಲ್ಲ ನಾನು.

ಜನವರಿ 3, ಶುಕ್ರವಾರ

ಬೋರ್ಡನ್ನು ವಾರವಾರ ತಿರುಗಿಸಿ ತಿರುಗಿಸಿ ಮೊಳೆ ಸಡಿಲವಾಗಿದೆ. ಇನ್ನು ಮುಂದಕ್ಕೇ ಮುಖ ಮಾಡಿ ಬಿಟ್ಟಿದ್ದೇನೆ. ಒಂದು ದಿನ ಒಂದು ಬೆಲೆ, ಮರುದಿನ ಇನ್ನೊಂದು ಅಂದರೆ ನನ್ನ ಬಾಯಿಯೂ ತಪ್ಪುತ್ತದೆ. ಟ್ಯಾಕ್ಸಿಯಲ್ಲಿ ಯಾವ ದಿನ ಯಾರು ಬರುತ್ತಾರೋ, ಯಾರ ಕೈಯಲ್ಲಿ ಫೋನಿದೆಯೋ, ಹೇಳುವುದು ಹೇಗೆ? ಊರಿನವರು ಮನೆಯಲ್ಲೇ ತಿನ್ನುತ್ತಾರೆ, ಅವರಿಗೆ ನನ್ನ ಮೀನೇ ಬೇಕೆಂದೇನೂ ಇಲ್ಲ.

ವರ್ಲಿನ್ ಈಗ ಬುತ್ತಿ ತರುತ್ತಾಳೆ. ಹೊಟ್ಟೆಗೆ ಒಳ್ಳೆಯದಂತೆ.

ಜನವರಿ 8, ಬುಧವಾರ

ಇವತ್ತು ತಪಾಸಣೆ. ರಾಡಿಕ್ಸ್ ಫೋನಿನಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತ ಬಂದ. ಊಟ ಸರಿ. ಬೆಲೆ ಸರಿ. ಕುರ್ಚಿಗೆ ಹೊಸ ಬಟ್ಟೆ, ಸರಿ. ಮರದ ಹತ್ತಿರ ಬಂದಾಗ ನಿಂತುಬಿಟ್ಟ.

"ಇಡೀ ದಂಡೇಲಿ ಇರೋ ನೆರಳು ಇದೊಂದೇ ಅಲ್ವಾ ಟಾಂಟಿ?"

ಹೌದು, ಬಿರುಗಾಳಿಯಲ್ಲಿ ಉಳಿದ ಮರ ಅದೊಂದೇ. ಅದರ ಕೆಳಗೆ ಡಾಮಿನೋ ಮೇಜು. ಮುದುಕರು ಬಿಲ್ಲೆಗಳನ್ನು ಪಟಪಟ ಬಡಿಯುತ್ತ ಆಡುತ್ತಿದ್ದರು. ಪಕ್ಕದಲ್ಲಿ ಕಾಸ್ಮಸನ ದೋಣಿ, ಬಲೆಗಳ ರಾಶಿ, ಅವನ ಮುರುಕು ಪೀಪಾಯಿ. ಹತ್ತಿರದಲ್ಲೇ ಇಬ್ಬರು ಹಡಗಿನ ಹೆಂಗಸರು ಬಿಸಿಲಿಗೆ ಕೆಂಪಾಗಿ ಟವೆಲ್ ಹೊದ್ದುಕೊಂಡು ಕೂತಿದ್ದರು.

"ಇಲ್ಲಿ ಹತ್ತು ಕುರ್ಚಿ ಹಾಕ್ಬಹುದು," ಅಂದ.

"ಅವರು ಹುಟ್ಟಿದಾಗಿಂದ ಇಲ್ಲೇ ಕೂತವ್ರಪ್ಪ," ಅಂದೆ.

"ನಾನೇನೂ ಹೇಳಲ್ಲ ಮೇಡಂ. ನೀವೇ ತಾನೇ ಇಲ್ಲಿ ನೋಡ್ಕೊಳ್ಳೋರು. ನೆರಳಿನ ಮುಂದೆ ನಾನು 'ಇಲ್ಲ' ಅಂತ ಗುರುತು ಹಾಕ್ಬೇಕಾ, 'ಇದೆ' ಅಂತ ಹಾಕ್ಬೇಕಾ, ಅಷ್ಟೇ ಹೇಳಿ."

ಮೇಡಂ ಅಂದ. ಹುಡುಗನಿಗೆ ಮರ್ಯಾದೆ ಗೊತ್ತು. "ಇದೆ ಅಂತ ಹಾಕು," ಅಂದೆ.

ಜನವರಿ 12, ಭಾನುವಾರ

ಸುಲಭಕ್ಕೆ ಆಗಲಿಲ್ಲ. ಆದರೆ ಕೆಲಸ ಆಯಿತು.

ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಮರದ ಕೆಳಗೆ ಹೋದೆ. ಜಗಳಕ್ಕೆ ಟೊಂಕ ಕಟ್ಟಿಕೊಂಡೇ ಹೋಗಿದ್ದೆ ಅನ್ನಬೇಕು. ಮುದುಕರು ಗೊಣಗಿದರು, ಒಬ್ಬ ನಮ್ಮಪ್ಪನನ್ನು ನೆನೆಸಿಕೊಂಡ, ಇನ್ನೊಬ್ಬ ನನ್ನನ್ನು ನೆನೆಸಬಾರದ ಹಾಗೆ ನೆನೆಸಿಕೊಂಡ. ಕೊನೆಗೆ ಡಾಮಿನೋ ಮೇಜನ್ನು ಸಾರಾಯಿ ಅಂಗಡಿಯ ಹಿಂದಕ್ಕೆ ಹೊತ್ತೊಯ್ದರು. ನಾನು ಹೆದರಿದ್ದು ಕಾಸ್ಮಸನಿಗೆ. ಅವನು ಸೂಜಿಯನ್ನು ಟೋಪಿಗೆ ಚುಚ್ಚಿಕೊಂಡ, ಬಲೆ ಮಡಿಸಿದ, ದೋಣಿಗೆ ಕೈ ಹಚ್ಚಿದ. ನಾಲ್ಕು ಜನ ಸೇರಿ ದಂಡೆಯ ಆ ತುದಿಗೆ, ತೊರೆ ಕಡಲಿಗೆ ಬೀಳುವ ಅಳಿವೆಯ ಬಾಯಿಗೆ ಎಳೆದುಕೊಂಡು ಹೋದರು.

"ಆ ಕಡೆ ಗಾಳಿ ಚೆನ್ನಾಗಿದೆ ಅಣ್ಣ," ಅಂದೆ.

"ನೀನು ಹೇಳಿದ್ಮೇಲೆ ಇರ್ಲೇಬೇಕಲ್ಲ, ಮ್ಯಾನೇಜರಮ್ಮ," ಅಂದ. ತಮಾಷೆಗೆ ಅಂದದ್ದು.

ನಿಜಕ್ಕೂ ಅಳಿವೆಯ ಕಡೆ ಗಾಳಿ ಚೆನ್ನ. ಬಲೆ ಬೇಗ ಒಣಗುತ್ತದೆ. ಮರದ ಕೆಳಗೆ ಯಾವಾಗಲೂ ಎಲೆ ಉದುರಿ ಅವನೇ ಬೈಯುತ್ತಿದ್ದ.

ಜನವರಿ 22, ಬುಧವಾರ

ಮರದ ಕೆಳಗೆ ಮೆತ್ತೆಯ ಹತ್ತು ಕುರ್ಚಿ. ಅಷ್ಟೂ ಭರ್ತಿ. ಫೋನಿನಲ್ಲಿ ನಮ್ಮ ಕೊಲ್ಲಿಯ ಬಗ್ಗೆ ಒಳ್ಳೆಯ ಮಾತು ಬರೆಯುತ್ತಿದ್ದಾರಂತೆ, ನೆರಳು, ಬೆಲೆ, ನಗುಮುಖ. ಆ ನಗುಮುಖ ನನ್ನದು. ದವಡೆ ನೋಯುತ್ತಿದೆ.

ಕಾಸ್ಮಸ್ ಬೆಳಿಗ್ಗೆ ಮೀನು ತಂದು ತೂಗಿ ಕೊಟ್ಟು ಹೋದ. ಮೊದಲೆಲ್ಲ ತೂಕ ಆದ ಮೇಲೆ ಒಂದು ಮೀನು ಬೇರೆಯಾಗಿ ಎತ್ತಿಡುತ್ತಿದ್ದ, "ಇದು ಮನೆಗೆ" ಅಂತ. ಈ ನಡುವೆ ಎತ್ತಿಡುವುದಿಲ್ಲ. ವಯಸ್ಸಾಯಿತು, ಮರೆವು. ನಾನೂ ನೆನಪು ಮಾಡಲು ಹೋಗಲಿಲ್ಲ.

ಫೆಬ್ರವರಿ 7, ಶುಕ್ರವಾರ

ಸ್ವಾತಂತ್ರ್ಯದ ದಿನ. ಕೆಂಪು, ಹಳದಿ, ಹಸಿರು ಉಟ್ಟು ಇಡೀ ಊರು ದಂಡೆಗೆ ಬಂತು. ಮಕ್ಕಳು ನೀರಿನಿಂದ ಎದ್ದು ಬಂದು ಸೀದಾ ಹೊಸ ಮೆತ್ತೆಗಳ ಮೇಲೆ ಕವುಚಿಕೊಂಡವು. ಉಪ್ಪುನೀರು ಕುಡಿದರೆ ಆ ಮೆತ್ತೆ ಒಂದು ವಾರ ಒಣಗುವುದಿಲ್ಲ, ಬುಧವಾರದ ಗತಿಯೇನು? ಎಬ್ಬಿಸಿದೆ. ತಾಯಂದಿರಿಗೆ ಹೇಳಿದೆ, ಕೂರುವುದಾದರೆ ಬೋರ್ಡಿನಲ್ಲಿ ಬೆಲೆ ಇದೆ, ಎಲ್ಲರಿಗೂ ಒಂದೇ ಅಂತ. ತಪ್ಪೇನು ಅದರಲ್ಲಿ?

ಅವರು ಚಾಪೆ ಎತ್ತಿಕೊಂಡು ಅಳಿವೆಯ ಕಡೆ ಹೋದರು. ಅಲ್ಲಿಂದ ಡೋಲಿನ ಸದ್ದು ಬರುತ್ತಿತ್ತು. ಈ ಕಡೆ ಖಾಲಿ ಕುರ್ಚಿಗಳ ಮಧ್ಯೆ ನಾನೂ ವರ್ಲಿನ್ನೂ. ಸ್ವಲ್ಪ ಹೊತ್ತಿಗೆ ಅವಳೂ ಎದ್ದಳು.

"ಕುರ್ಚಿ ನಿನ್ನವು ಕಣೇ, ನಿನ್ನ ಪರವಾಗೇ ತಾನೇ ನಾನು ಕೂಗಾಡಿದ್ದು?" ಅಂದೆ.

"ನಾನು ಕೇಳಿದ್ನಾ?" ಅಂದಳು. ಹೋದಳು.

ಈ ವರ್ಷ ಹಬ್ಬ ಯಾಕೋ ಸಪ್ಪೆ.

ಫೆಬ್ರವರಿ 24, ಸೋಮವಾರ

ಹಾಳಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ನಾತ. ಕಡಲಕಳೆ. ದಂಡೆಯ ಈ ತುದಿಯಿಂದ ಆ ತುದಿಗೆ ಮೊಣಕಾಲುದ್ದ ಕಂದು ಕಳೆ ಬಂದು ಬಿದ್ದಿದೆ, ನೀರಿನಲ್ಲಿ ಇನ್ನೂ ಅಷ್ಟೇ ತೇಲುತ್ತಿದೆ. ನೊಣ. ಮರಳೇ ಕಾಣುವುದಿಲ್ಲ.

ನಾಡಿದ್ದು ಬುಧವಾರ ಕೊನೆಯ ತಪಾಸಣೆ. ಕಂಪನಿಯ ಮೇಲಧಿಕಾರಿ, ರಾಡಿಕ್ಸನ ದೊಡ್ಡಮ್ಮ, ಹಡಗಿನಿಂದ ತಾನೇ ಇಳಿದು ಬರುತ್ತಾಳಂತೆ. ರಾಡಿಕ್ಸ್ ಫೋನಿನಲ್ಲಿ, "ಮೇಡಂ, ಹೀಗಿದ್ರೆ ಬಸ್ ಬರಲ್ಲ. ನಾನು ತಡೆಯಕ್ಕಾಗಲ್ಲ," ಅಂದ. ಒಬ್ಬಳೇ ಗೋರಲು ಹೋದೆ. ಅರ್ಧ ದಿನ ಗೋರಿದ್ದು ಒಂದು ಅಲೆಗೆ ವಾಪಸು ಬಂತು. ಕೂತು ಅತ್ತೆ, ಬರೆದಿಟ್ಟರೆ ಏನಂತೆ, ಅತ್ತೆ. ಮೂರು ತಿಂಗಳು ಹಲ್ಲುಕಚ್ಚಿ ಮಾಡಿದ್ದೆಲ್ಲ ನಾತಕ್ಕೆ ಹೋಯಿತು.

ಉಳಿದಿರುವುದು ಒಂದೇ ದಾರಿ, ಮರೂನ್. ಶಂಖ ಊದಿದರೆ ಊರು ಬರಬೇಕು. ಮನೆ ಬಿದ್ದರೂ, ದೋಣಿ ಮುಳುಗಿದರೂ, ಯಾರ ಕೆಲಸವಾದರೂ ಎಲ್ಲರೂ ಕೈ ಹಾಕುತ್ತಾರೆ. ಕರೆದವರು ಪಾತ್ರೆ ಏರಿಸುತ್ತಾರೆ, ಎಲ್ಲರೂ ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ. ಅಲ್ಲಿ ದುಡ್ಡಿನ ಮಾತಿಲ್ಲ. ಅಪ್ಪನ ಶಂಖ ಕಾಸ್ಮಸನ ದೋಣಿಯಲ್ಲಿದೆ. ಅಳಿವೆಗೆ ಹೋಗಿ ಕೇಳಿದೆ.

ನನ್ನನ್ನೇ ನೋಡಿದ. ಮುಖ ಸುಟ್ಟು ಕಪ್ಪಾಗಿದೆ ಅವನದು. "ಊದ್ತೀನಿ," ಅಂದ. "ಕಡಲು ಊರಿಂದು. ನಿಂದೂ ಅಲ್ಲ, ಹಡಗಿಂದೂ ಅಲ್ಲ."

ಮಾತು ನನಗೆ ನಾಟಿತು. ಆದರೆ ಶಂಖ ಬೇಕಾಗಿತ್ತು.

ಫೆಬ್ರವರಿ 26, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಶಂಖ ಕೇಳಿ ಊರೇ ಬಂತು. ಇವತ್ತು ಕೋಳಿ ಕೂಗುವಾಗ ಮತ್ತೆ ಬಂತು. ಕುಂಟೆ, ಗುದ್ದಲಿ, ತಳ್ಳುಗಾಡಿ, ಕೈಗೆ ಸಿಕ್ಕಿದ್ದು. ಡಾಮಿನೋ ಮುದುಕರೂ ಪ್ಯಾಂಟು ಮಡಿಸಿ ನೀರಿಗಿಳಿದರು. ಫೆಬ್ರವರಿ ಏಳಕ್ಕೆ ನಾನು ಎಬ್ಬಿಸಿದ ಮಕ್ಕಳ ತಾಯಂದಿರೂ ಬಂದಿದ್ದರು. ಕಾಸ್ಮಸ್ ದೋಣಿಯ ಹಿಂದೆ ಹಳೆಯ ಬಲೆ ಕಟ್ಟಿ ತೇಲುವ ಕಳೆಯನ್ನು ಆಳದ ಕಡಲಿಗೆ ಎಳೆದ. ನಾನು ಮರಳಿನ ಮೇಲೆ ಮೂರು ಕಲ್ಲು ಹೂಡಿ ಅಮ್ಮನ ದೊಡ್ಡ ಕಬ್ಬಿಣದ ಪಾತ್ರೆ ಏರಿಸಿದೆ. ಊರು ಸೇರಿದಾಗ ಬೇಯಿಸುವ ಆಯಿಲ್ ಡೌನ್. ದೀವಿಹಲಸು, ಉಪ್ಪಿನ ಹಂದಿಬಾಲ, ಹಿಟ್ಟಿನ ಉಂಡೆ, ಮೇಲೆ ಕೆಸುವಿನ ಎಲೆ, ಅರಿಸಿನ, ತೆಂಗಿನ ಹಾಲು. ವರ್ಲಿನ್ ಪಕ್ಕದಲ್ಲಿ ಕೂತು ದೀವಿಹಲಸು ಹೆಚ್ಚಿಕೊಟ್ಟಳು. "ನಿನ್ನ ಉಂಡೆ ಕಲ್ಲಾಗ್ತವೆ, ತಾ ಇಲ್ಲಿ," ಅಂತ ಹಿಟ್ಟನ್ನೂ ಕಿತ್ತುಕೊಂಡಳು. ಎಷ್ಟೋ ದಿನದ ಮೇಲೆ ಅವಳ ನಗು ಕೇಳಿದೆ.

ಬಸ್ಸು ಬರುವ ಹೊತ್ತಿಗೆ ದಂಡೆ ಬೆಳ್ಳಗಾಗಿತ್ತು. ನಾತ ತೊಳೆದುಕೊಳ್ಳಲು ಎಲ್ಲರೂ ತೊರೆಗೆ ಹೋದರು. ಆಗ ದೊಡ್ಡಮ್ಮ ಇಳಿದಳು, ಬಿಳಿ ಬಟ್ಟೆ, ಕಪ್ಪು ಕನ್ನಡಕ. ಮರಳು ನೋಡಿದಳು, ನೆರಳು ನೋಡಿದಳು, ಮೆತ್ತೆ ಒತ್ತಿ ನೋಡಿದಳು. ಆಮೇಲೆ ಮೂಗರಳಿಸಿ ಪಾತ್ರೆಯ ಹತ್ತಿರ ಬಂದಳು. ತೆಂಗಿನ ಹಾಲು ಇಂಗಿ ಎಣ್ಣೆ ಬಿಡುವ ಹೊತ್ತು ಅದು. ಇದೇನು ಅಂತ ಕೇಳಿದಳು.

ರಾಡಿಕ್ಸ್ ನನ್ನ ಕಿವಿಯಲ್ಲಿ, "ಬಡಿಸಿ ಮೇಡಂ. ಇಂಥದ್ದಕ್ಕೇ ಅವರು ಕಾಯ್ತಿರೋದು."

"ಅದು ಮರೂನಿನ ಪಾತ್ರೆ. ನೀನೂ ಈ ಮಣ್ಣಲ್ಲೇ ಹುಟ್ಟಿದೋನು."

"ಒಂದು ತಟ್ಟೆ. ಒಂದೇ."

ಒಂದು ತಟ್ಟೆ ಕೊಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ತಿಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಇನ್ನೊಬ್ಬರು. ಬೆಲೆ ಎಷ್ಟು ಅಂತ ಕೇಳಿದರು. ಬೋರ್ಡಿನಲ್ಲಿ ಇಲ್ಲವಲ್ಲ ಅಂದರು. ದೊಡ್ಡಮ್ಮ ನಿಂತು ನೋಡುತ್ತಿದ್ದಳು. ಸೀಮೆಸುಣ್ಣ ತೆಗೆದುಕೊಂಡು ಬರೆದೆ. ಆಯಿಲ್ ಡೌನ್, ನಲವತ್ತು. ಸಂಜೆ ಇನ್ನೊಂದು ಪಾತ್ರೆ ಏರಿಸಿದರಾಯಿತು ಅಂತ ನನ್ನ ಲೆಕ್ಕ. ದೀವಿಹಲಸಿಗೆ ಬರವೇ ನಮ್ಮಲ್ಲಿ?

ಕೆಲಸದವರು ತಲೆ ಒರೆಸಿಕೊಳ್ಳುತ್ತ ಬಂದರು. ಸಾಲು ನೋಡಿದರು, ಬೋರ್ಡು ನೋಡಿದರು. "ಸ್ವಲ್ಪ ತಡೀರಪ್ಪ," ಅಂದೆ, "ಹಡಗಿನವರು ಹೋಗ್ಲಿ, ಸಂಜೆ ಇನ್ನೊಂದು ಪಾತ್ರೆ ಮಾಡ್ಕೊಡ್ತೀನಿ." ವರ್ಲಿನ್ ಕೈಯಲ್ಲಿದ್ದ ಚಾಕು ಒರೆಸಿ ನನ್ನ ಮೇಜಿನ ಮೇಲಿಟ್ಟಳು.

ಕಾಸ್ಮಸ್ ಬಂದು ಸಾಲಿನಲ್ಲಿ ನಿಂತ. ಹೂವಿನ ಅಂಗಿಯ ಒಬ್ಬ ಪ್ರವಾಸಿಯ ಹಿಂದೆ, ತಲೆಯಿಂದ ನೀರು ತೊಟ್ಟಿಕ್ಕುತ್ತ ನಿಂತ. ಅವನ ಸರದಿ ಬಂತು. ಐವತ್ತರ ನೋಟನ್ನು ಮೇಜಿನ ಮೇಲೆ ಬಿಡಿಸಿಟ್ಟ.

"ಒಂದು ತಟ್ಟೆ ಕೊಡಿ, ಮೇಡಂ."

ತುಂಬಿಸಿ ಕೊಟ್ಟೆ. ಡಬ್ಬಿಯಿಂದ ಹತ್ತರ ನೋಟು ತೆಗೆದು ಚಿಲ್ಲರೆ ಕೊಟ್ಟೆ. ಸಾಲು ಉದ್ದ ಇತ್ತು, ಕೈ ತಾನೇ ಓಡುತ್ತಿತ್ತು. ಅವನು ಆ ಹತ್ತನ್ನು ನೋಡಿದ. ಮಡಿಸಿ ಜೇಬಿಗೆ ಹಾಕಿಕೊಂಡ. ತಟ್ಟೆಯನ್ನು ಕೆಲಸದವರ ಹತ್ತಿರ ತೆಗೆದುಕೊಂಡು ಹೋದ. ಅಷ್ಟೂ ಜನ ಆ ಒಂದು ತಟ್ಟೆಯಿಂದ ಒಂದೊಂದು ತುತ್ತು ಕೈಯಲ್ಲಿ ತೆಗೆದು ತಿಂದರು. ಎಷ್ಟು ಸಾವಧಾನವಾಗಿ ತಿಂದರೆಂದರೆ, ಹಡಗಿನವರು ಫೋಟೋ ತೆಗೆದರು.

ಏನು ನಾಟಕ. ಸಂಜೆ ಮಾಡಿಕೊಡುತ್ತೇನೆ ಅಂತ ಬಾಯಿಬಿಟ್ಟು ಹೇಳಿದ್ದೆ. ಯಾರೂ ಕಾಯಲಿಲ್ಲ. ಸಂಜೆ ಪಾತ್ರೆ ಏರಿಸಲು ಕರೆಯೋಣವೆಂದರೆ ದಂಡೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

ಫೆಬ್ರವರಿ 28, ಶುಕ್ರವಾರ

ಗೆದ್ದೆವು. ಮುಂದಿನ ಋತುವೂ ಬಸ್ಸುಗಳು ನಮ್ಮ ಕೊಲ್ಲಿಗೇ. ರಾಡಿಕ್ಸ್ ಫೋನ್ ಮಾಡಿ ಅಭಿನಂದನೆ ಅಂದ. ವಾರಕ್ಕೊಂದು ಬಸ್ಸು ಹೆಚ್ಚಂತೆ. ಬುಧವಾರದ ಆ ಊಟ ಇನ್ನು ಪ್ರತಿ ವಾರ ಬೇಕಂತೆ.

ಹೇಳೋಣವೆಂದು ವರ್ಲಿನ್ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಒಳ್ಳೇದಾಯ್ತು," ಅಂದಳು. ಒಳಗೆ ಕರೆಯಲಿಲ್ಲ. ಒಲೆಯ ಮೇಲೆ ಏನೋ ಇಟ್ಟಿದ್ದಳೇನೋ.

ಮಾರ್ಚ್ 11, ಮಂಗಳವಾರ

ಕಳೆ ಮತ್ತೆ ಬಂತು. ಈ ಸಲ ಇನ್ನೂ ದಪ್ಪ. ಕಾಸ್ಮಸ್ ಕಡಲಿಗೆ ಹೋಗಿದ್ದ, ಅಳಿವೆಯ ಪೀಪಾಯಿಯ ಮೇಲಿದ್ದ ಶಂಖವನ್ನು ತಂದು ನಾನೇ ಊದಿದೆ. ಮೊದಲು ಬರೀ ಉಸಿರು ಬಂತು, ಆಮೇಲೆ ಹೇಗೋ ಸದ್ದು ಬಂತು. ಕಾದೆ. ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು, ಕೇಳಿಸಲಿಲ್ಲವೇನೋ ಅಂತ ಮತ್ತೆ ಊದಿದೆ.

ಬಂದರು. ಎಂಟು ಹತ್ತು ಜನ. ಯಾರ ಕೈಯಲ್ಲೂ ಕುಂಟೆ ಇರಲಿಲ್ಲ. ವರ್ಲಿನ್ ಮುಂದೆ ನಿಂತಿದ್ದಳು.

"ಎಷ್ಟು ಕೊಡ್ತೀರಿ?" ಅಂದಳು.

"ಏನು ಎಷ್ಟು?"

"ಗೋರೋದಕ್ಕೆ. ಗಂಟೆ ಲೆಕ್ಕವೋ, ದಿನದ ಲೆಕ್ಕವೋ? ಬೋರ್ಡಲ್ಲಿ ನೋಡಿದ್ವಿ, ನಮ್ಮ ರೇಟು ಬರೆದಿಲ್ಲ."

"ಮರೂನಿಗೆ ಕೂಲಿ ಕೇಳ್ತೀಯೇನೇ ವರ್ಲಿನ್? ನಾನು ಫಿಲ್ಲಿ ಕಣೇ. ಊಟ ಇರುತ್ತೆ."

"ನಲವತ್ತಕ್ಕಾ?"

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಮೇಲೆ ಬಿದ್ದು ಜಗಳವಾಡುತ್ತಿದ್ದೆ. ಜಗಳ ನನಗೆ ಬರುತ್ತದೆ. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಈರುಳ್ಳಿಯ ಬೆಲೆ ಕೇಳುವ ಹಾಗೆ ಕೇಳಿದಳು. ಬಂದ ಹಾಗೇ ಬರಿಗೈಯಲ್ಲಿ ತಿರುಗಿ ಹೋದರು.

ರಾಡಿಕ್ಸ್ ಯಂತ್ರ ಕಳಿಸುತ್ತಾನಂತೆ. ಬಾಡಿಗೆ ನಾವೇ ಕಟ್ಟಬೇಕಂತೆ.

ಮಾರ್ಚ್ 12, ಬುಧವಾರ

ಯಂತ್ರ ಬಂತು. ಬಸ್ಸು ಬಂತು. ಊಟ ಮುಗಿಯಿತು. ನಾನು ಉಣ್ಣಲಿಲ್ಲ.

ಮಾರ್ಚ್ 16, ಭಾನುವಾರ

ಪೂಜೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಮನೆಗೆ ಬಂದು ಪಾತ್ರೆ ಏರಿಸಿದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಮಾಂಸ ಕೂಡದೆಂದು ಹಂದಿಬಾಲ ಬಿಟ್ಟು ಉಪ್ಪುಮೀನು ಹಾಕಿದೆ. ಉಂಡೆ ವರ್ಲಿನ್ ಹೇಳಿದ ಹಾಗೇ ಕಲ್ಲಾದವು. ಪಾತ್ರೆಯನ್ನು ತಳ್ಳುಗಾಡಿಯಲ್ಲಿಟ್ಟು ದಂಡೆಯುದ್ದಕ್ಕೂ ತಳ್ಳಿದೆ. ಮರದ ಕೆಳಗೆ ಹತ್ತು ಕುರ್ಚಿಯೂ ಖಾಲಿ ಬಿದ್ದಿದ್ದವು. ದಾರಿಯಲ್ಲಿ ಸಿಕ್ಕವರು ಗಾಡಿ ನೋಡಿದರು, ನನ್ನನ್ನು ನೋಡಿದರು, ಯಾರೂ ಕೈ ಹಚ್ಚಲಿಲ್ಲ. ಮರಳಿನಲ್ಲಿ ಚಕ್ರ ಹೂತು ಹೂತು ನನ್ನ ಬೆನ್ನು ಮುರಿಯಿತು.

ಕಾಸ್ಮಸ್ ದೋಣಿಯ ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ. ತಲೆಯ ಮೇಲೆ ಒದ್ದೆ ಗೋಣಿಚೀಲ ಹಾಕಿಕೊಂಡಿದ್ದ. ತಟ್ಟೆ ತುಂಬಿಸಿ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಕಣ್ಣೆತ್ತಿ ನೋಡಿದ.

"ಎಷ್ಟು?"

ಕೊಂಕಿನಿಂದ ಕೇಳಲಿಲ್ಲ ಅವನು. ತಿಳಿದುಕೊಳ್ಳೋಣವೆಂದು ಕೇಳಿದ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಲವತ್ತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನನ್ನ ಒಡಹುಟ್ಟಿದವನಿಗೆ, ಬೇರೆ ಯಾವ ಮಾತೂ ಬರುವ ಮೊದಲು, ಅದೇ ಬಂದಿತ್ತು. ಹಲ್ಲು ಕಚ್ಚಿ ನುಂಗಿದೆ. ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.

ಕೊನೆಗೆ ಅವನು ತಟ್ಟೆ ಇಸಿದುಕೊಂಡ. "ಉಂಡೆ ಕಲ್ಲಾಗಿವೆ," ಅಂದ. ತಿಂದ.

ಅವನು ತಿಂದು ಮುಗಿಸುವವರೆಗೆ ಪೀಪಾಯಿಯ ಪಕ್ಕದಲ್ಲಿ ಮರಳಿನ ಮೇಲೆ ಕೂತೆ. ಅವನು ಅಲ್ಲಿಗೆ ಹೋದ ಮೇಲೆ ನಾನು ಅಲ್ಲಿ ಕೂತದ್ದು ಇವತ್ತೇ ಮೊದಲು. ಕೂತ ಕಡೆ ಸುಟ್ಟಿತು. ಒಂದು ಪೊದೆಯ ನೆರಳೂ ಇಲ್ಲ. ಯಂತ್ರದವರು ಕಳೆಯನ್ನೆಲ್ಲ ತಂದು ಅಲ್ಲೇ ಸುರಿದಿದ್ದಾರೆ, ನೊಣ ಮುಖಕ್ಕೆ ಮುತ್ತುತ್ತದೆ. ಅಳಿವೆಯ ಕಡೆ ಗಾಳಿ ಚೆನ್ನ ಅಂತ ಈ ಪುಸ್ತಕದಲ್ಲಿ ಎಲ್ಲೋ ಬರೆದಿದ್ದೇನೆ. ಅಲ್ಲಿ ಗಾಳಿಯೇ ಆಡುವುದಿಲ್ಲ.